ಅವ್ವ ಬಾಯಿಬಿಟ್ಟು ಹೇಳದ ಹೆಸರು

ಇವತ್ತು ಬೆಳಿಗ್ಗೆ ಪಾತ್ರೆ ಒರೆಸಿಡುವಾಗ ಆ ಸ್ಟೀಲಿನ ತಂಬಿಗೆ ಮತ್ತೆ ಕೈಗೆ ಸಿಕ್ಕಿತು. ಕುತ್ತಿಗೆಯ ಕೆಳಗೆ ಚುಕ್ಕಿ ಚುಕ್ಕಿಯಾಗಿ 'ಕೊಟ್ರೇಶ' ಎಂದು ಕೆತ್ತಿದೆ. ಕೊಟ್ರೇಶ ನನ್ನ ಅಪ್ಪನ ಹೆಸರು. ತಂಬಿಗೆ ಬಂದದ್ದು ನನ್ನ ತವರಿನಿಂದ. ಆದರೂ ಅದು ಅಪ್ಪನ ತಂಬಿಗೆಯಲ್ಲ! ಬೇರೆ ಯಾವನೋ ಕೊಟ್ರೇಶನದು. ಯಾವ ಕೊಟ್ರೇಶನದು ಎಂದು ಪತ್ತೆ ಮಾಡುವ ಆಸೆಯನ್ನು ನಾವು ಎಂದೋ ಬಿಟ್ಟಿದ್ದೇವೆ.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳಬೇಕು. ಕೊಟ್ಟೂರಿನ ಸ್ವಾಮಿ ನಮ್ಮ ಸೀಮೆಯ ಎಷ್ಟೋ ಮನೆಗಳಿಗೆ ಮನೆದೇವರು. ಆದ್ದರಿಂದ ಗಂಡಾದರೆ ಕೊಟ್ರೇಶ, ಕೊಟ್ರಪ್ಪ, ಕೊಟ್ರಗೌಡ, ಹೆಣ್ಣಾದರೆ ಕೊಟ್ರಮ್ಮ. ಹೆಸರು ಕೇಳಿ ಜಾತಿ ಪತ್ತೆ ಮಾಡುವ ಚಟ ಇರುವವರು ನಮ್ಮಲ್ಲಿಗೆ ಬಂದರೆ ಪೆಚ್ಚಾಗುತ್ತಾರೆ. ಹರಪನಹಳ್ಳಿ ತಾಲ್ಲೂಕಿನ ನನ್ನ ತವರು ತೆಲಿಗಿಯಲ್ಲಿ ನಮ್ಮ ಓಣಿಯ ಯಾರ ಮನೆಯಲ್ಲಿ ಕಾರ್ಯವಾದರೂ ಎಲ್ಲರ ಮನೆಯ ಪಾತ್ರೆಗಳೂ ಅಲ್ಲಿಗೆ ಹೋಗುತ್ತಿದ್ದವು. ಕಾರ್ಯ ಮುಗಿದ ಮೇಲೆ ಹೆಂಗಸರು ಅಂಗಳದಲ್ಲಿ ರಾಶಿ ಹಾಕಿಕೊಂಡು ಕೂರುತ್ತಿದ್ದರು. ಹೆಸರು ನೋಡಿ ಹಂಚೋಣವೆಂದರೆ ಎಲ್ಲದರ ಮೇಲೂ ಅದೇ ಹೆಸರು. ಕೊನೆಗೆ ನೆಗ್ಗಿದ್ದರ ಮೇಲೆ ಗುರುತು.

"ನಂದು ಸೊಟ್ಟ ಐತಿ, ನೋಡ್ರಿ."

"ಏ, ಸೊಟ್ಟ ನಂದೂ ಐತಿ. ನಿಂದು ಎಡಕ್ಕ ಸೊಟ್ಟ ಐತೋ ಬಲಕ್ಕ ಸೊಟ್ಟ ಐತೋ ಅದನ್ನ ಹೇಳು."

ಹೀಗೆ ವಾದ ನಡೆದಿರುವಾಗ ನಮ್ಮವ್ವ ಸುಮ್ಮನೆ, ಎಲ್ಲೂ ನೆಗ್ಗದ ಒಂದು ತಂಬಿಗೆ ಎತ್ತಿಕೊಂಡು ಮನೆಗೆ ಬಂದಿದ್ದಳು. ಇವತ್ತಿಗೂ ಅದು ನಮ್ಮದೇ ಎನ್ನುತ್ತಾಳೆ.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರು. ಹಾಜರಿ ಕರೆಯುವಾಗ 'ಕೊಟ್ರೇಶ' ಎಂದರೆ ಸಾಕು, ತರಗತಿಯ ಮೂಲೆ ಮೂಲೆಯಿಂದ "ಹಾಜರ್ ರೀ" ಬರುತ್ತದೆ. ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಹುಡುಗರು ತಮ್ಮನ್ನು ಗೇಲಿ ಮಾಡುತ್ತಿದ್ದಾರೆಂದು ಸಿಟ್ಟಾಗಿ ಬೆತ್ತ ಹುಡುಕಿದ್ದರು ಪಾಪ. ಈಗ ಅವರೂ ಪಳಗಿ, ಕರಿ ಕೊಟ್ರೇಶ, ಅಂಗಡಿ ಕೊಟ್ರೇಶ, ಅಳುಬುರುಕ ಕೊಟ್ರೇಶ ಎಂದು ನಮ್ಮಂತೆಯೇ ಕರೆಯುತ್ತಾರೆ. ನಮ್ಮಪ್ಪನಿಗೆ ಹಿಟ್ಟಿನ ಗಿರಣಿ ಇತ್ತು, ಹಾಗಾಗಿ ಅವನು ಗಿರಣಿ ಕೊಟ್ರೇಶಣ್ಣ. ಗಿರಣಿಯ ಸದ್ದಿಗೆ ಅವನ ಕಿವಿ ಮಂದವಾಗಿದೆ. ಗಿರಣಿ ನಿಲ್ಲಿಸಿ ಎಷ್ಟೋ ವರ್ಷವಾದರೂ ಅವನಿಗೆ ಹೇಳುವುದೆಲ್ಲ ಕೂಗಿಯೇ ಹೇಳಬೇಕು.

ಟ್ರೈನಿಂಗಿಗೆಂದು ಮೈಸೂರಿಗೆ ಹೋದಾಗ ಮೊದಲ ವಾರವೆಲ್ಲ ಅತ್ತೆ. ನಾನು 'ಐತಿ' ಎಂದರೆ ಹಾಸ್ಟೆಲಿನ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಒಂದು ದಿನ ಊರಿಗೆ ಹೊರಟಾಗ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಯಾರೋ "ಲೇ ಕೊಟ್ರಾ!" ಎಂದು ಕೂಗಿದರು. ನನ್ನ ಕಾಲು ತಾನಾಗಿ ಅತ್ತ ತಿರುಗಿತು. ಕೂಗಿದ ಆ ಗುರುತಿಲ್ಲದ ಗಂಡಸಿನ ಮುಂದೆ ನಿಂತು, ನಾಚಿಕೆ ಬಿಟ್ಟು, "ಯಾವೂರ್ರಿ ನಿಮ್ದು?" ಎಂದೆ.

"ಹಡಗಲಿ ತಾಲ್ಲೂಕು, ಇಟ್ಟಿಗಿ ಐತಲ್ಲವಾ, ಅದಾ ನಮ್ಮೂರು. ನಿಂದು ತಂಗೀ?"

ತೆಲಿಗಿ ಎಂದೆ, ಅಷ್ಟೇ. ನನ್ನ ಟ್ರಂಕು ಅವನ ಹೆಗಲಿಗೇರಿತ್ತು, ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಕೈಗೆ ಬಾಳೆಹಣ್ಣು ಬಂದಿತ್ತು. ಅಷ್ಟು ದೂರದಲ್ಲಿ ನನ್ನವರನ್ನು ನನಗೆ ಹುಡುಕಿಕೊಟ್ಟ ಆ ಹೆಸರಿನ ಮೇಲೆ ಅವತ್ತು ಹುಟ್ಟಿದ ಅಭಿಮಾನ ಇನ್ನೂ ಇಳಿದಿಲ್ಲ.

ಇಳಿಯುವುದಾದರೂ ಹೇಗೆ? ನಮಗೆ ನೆಟ್ಟಗೆ ಒಂದು ಜಿಲ್ಲೆಯಾದರೂ ಗಟ್ಟಿಯಾಗಿ ನಿಂತಿತೇ? ಅಪ್ಪ ತೊಟ್ಟಿಲಲ್ಲಿದ್ದಾಗ ನಾವು ಮದ್ರಾಸಿನವರು. ಆಮೇಲೆ ಮೈಸೂರು ರಾಜ್ಯದವರು, ಆಮೇಲೆ ಕರ್ನಾಟಕದವರು. ಜಿಲ್ಲೆ ಬಳ್ಳಾರಿ ಇತ್ತು. ನಾನು ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದ ಮೇಲೆ ತವರಿನ ತಾಲ್ಲೂಕು ದಾವಣಗೆರೆಗೆ ಸೇರಿ, ಕೂತಲ್ಲೇ ನಾನು ಬೇರೆ ಜಿಲ್ಲೆಯ ಸೊಸೆಯಾದೆ. ಮತ್ತೆ ಬಳ್ಳಾರಿ ಎಂದರು. ಈಗ ವಿಜಯನಗರ. ಅಪ್ಪನ ಗಿರಣಿ ನಿಂತಲ್ಲೇ ನಿಂತಿತ್ತು, ಜಿಲ್ಲೆಗಳು ಅದರ ಮುಂದೆ ಹಾದು ಹೋದವು. ಎಲ್ಲಿಯವರು ಎಂದು ಯಾರಾದರೂ ಕೇಳಿದರೆ ಜಿಲ್ಲೆ ಹೇಳುವ ಮೊದಲು ನಾನು ಒಂದು ಕ್ಷಣ ತಡವರಿಸುತ್ತೇನೆ. ಅಪ್ಪನ ಹೆಸರು ಹೇಳಲು ತಡವರಿಸುವುದಿಲ್ಲ.

ಆದರೆ ನೋಡಿ, ನಾನು ಇಷ್ಟೆಲ್ಲ ಜಂಬ ಕೊಚ್ಚಿಕೊಳ್ಳುವ ಹೆಸರನ್ನು ನಮ್ಮ ಅವ್ವ ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ. ಗಂಡನ ಹೆಸರಲ್ಲವೇ! ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಗಂಡನ ಹೆಸರು ಹೇಳದ ಹೆಂಗಸರು ಎಲ್ಲ ಕಡೆಯೂ ಇದ್ದಾರೆ. ನಮ್ಮವ್ವ ಅಲ್ಲಿಗೇ ನಿಲ್ಲಲಿಲ್ಲ. ಕೊಟ್ಟೂರಿನಲ್ಲೂ 'ಕೊಟ್' ಇದೆಯೆಂದು ಊರಿನ ಹೆಸರನ್ನೂ ಬಿಟ್ಟಳು. ಆಮೇಲೆ 'ಕೊಟ್ರು' ಎನ್ನುವ ಮಾತನ್ನೇ ಬಿಟ್ಟಳು. ಯಾರಾದರೂ ಸಕ್ಕರೆ ಕೊಟ್ಟರೆ ಅವ್ವನ ಬಾಯಲ್ಲಿ ಅದು "ಸಕ್ಕರಿ ನೀಡಿದ್ರು." ಅಂಗಡಿಯವನು ಚಿಲ್ಲರೆ ಕೊಟ್ಟರೆ "ಚಿಲ್ಲರ ಕೈಯಾಗ ಇಟ್ರು." ಓಣಿಯಲ್ಲಿ ಯಾರದಾದರೂ ಮಗಳನ್ನು ಎಲ್ಲಿಗೆ ಕೊಟ್ರು ಎಂದು ಹೇಳಬೇಕಾದರೆ ಅವ್ವ ಪಡುವ ಪಾಡು ದೇವರಿಗೇ ಪ್ರೀತಿ.

ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತುವವನು "ಯಾರ ಹೆಸರು ಹಾಕ್ಲಿ ಅವ್ವಾ?" ಎಂದರೆ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಸ್ವಾಮಿಯ ಕಡೆ ಬೆರಳು ತೋರಿಸಿ, "ಇವನದು" ಎನ್ನುತ್ತಿದ್ದಳು. ಅವನಿಗೆ ತಿಳಿಯುತ್ತಿತ್ತು. ತಿಳಿಯದವನು ಸಿಕ್ಕಿದ್ದು ಬಸ್ಸಿನಲ್ಲಿ. ನಾನು ಚಿಕ್ಕವಳು. ಹರಪನಹಳ್ಳಿಯಲ್ಲಿ ಕೂಡ್ಲಿಗಿ ಬಸ್ಸು ಹತ್ತಿದ್ದೆವು, ದಾರಿಯಲ್ಲಿ ಕೊಟ್ಟೂರಿನಲ್ಲಿ ಇಳಿಯಬೇಕು. ಕಂಡಕ್ಟರು ಕೆಳಗಿನ ಸೀಮೆಯ, ಮೈಸೂರು ಕಡೆಯ ಹೊಸಬ.

"ಎಲ್ಲಿಗಮ್ಮ?"

"ಸ್ವಾಮಿ ಊರಿಗೆ."

"ಯಾವ ಸ್ವಾಮಿ?"

"ನಮ್ಮ ಸ್ವಾಮಿ."

"ಊರ ಹೆಸರು ಹೇಳಮ್ಮ, ಟಿಕೆಟ್ ಕೊಡಬೇಕು!"

"ಅದನ್ನ ಹೆಂಗ ಹೇಳ್ಲಪ್ಪಾ? ಮನಿಯವರ ಹೆಸರು ಐತಿ ಅದ್ರಾಗ."

ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನಿಂದ ಯಾರೋ, "ಅಯ್ಯೋ ಮಾರಾಯ, ತಲಿ ತಿನ್ನಬ್ಯಾಡ, ಕಡೀ ಊರಿಗೆ ಟಿಕೀಟು ಹರಿ" ಎಂದರು. ನಾನು ಹೇಳಬಹುದಿತ್ತು, ಆದರೆ ಬಾಯಿ ತುಂಬ ಮಂಡಕ್ಕಿ. ಕಂಡಕ್ಟರು ಬೇಸತ್ತು ಕೂಡ್ಲಿಗಿಗೇ ಟಿಕೆಟ್ ಹರಿದ. ಕೊಟ್ಟೂರು ಬಂತು, ಜನ ಇಳಿದರು, ಅವ್ವ ಮಾತ್ರ ಅಲುಗಲಿಲ್ಲ. "ಟಿಕೀಟು ಐತಲ್ಲ, ಯಾಕ ದಂಡ ಮಾಡಬೇಕು?" ಎಂದು ಕೂಡ್ಲಿಗಿಯವರೆಗೂ ಹೋಗಿ, ಅಲ್ಲಿದ್ದ ಅವಳ ಚಿಕ್ಕಮ್ಮನ ಮನೆಯಲ್ಲಿ ಉಂಡು, ಬರುವಾಗ ಸ್ವಾಮಿಯ ದರ್ಶನ ಮಾಡಿಸಿದಳು.

ನೀವು ಕೇಳಬಹುದು, ಮದುವೆಯಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳಲೇಬೇಕಲ್ಲ, ಆಗೇನು ಮಾಡಿದಳು ಎಂದು. ಹೊಸ ಸೊಸೆ ಹೊಸ್ತಿಲ ಮುಂದೆ ನಿಂತಾಗ ನಾದಿನಿಯರು ಅಡ್ಡಗಟ್ಟಿ, ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುವುದು. ನೇರವಾಗಿ ಹೇಳುವಂತಿಲ್ಲ, ಪದ ಕಟ್ಟಿ ಅದರ ನಡುವೆ ಹೆಸರಿಡಬೇಕು. ಹಾಗೆ ಹೇಳಿದರೆ ದೋಷವಿಲ್ಲ. ಅಡ್ಡ ನಿಂತವಳು ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ. ಅವ್ವ ತಲೆ ತಗ್ಗಿಸಿ ಶುರು ಮಾಡಿದಳಂತೆ: "ಹೊಲದ ತುಂಬ ತೂಗತಾವ ಬಿಳಿಜೋಳದ ತೆನಿ…" ಮುಂದಿನ ಸಾಲಿನಲ್ಲಿ ಹೆಸರು ಬರಬೇಕು, ಬರಲಿಲ್ಲ. ಆಗ ಅವಳು ಇನ್ನೂ ಹುಡುಗಿ. ಕೊನೆಗೆ ನಮ್ಮಜ್ಜಿಯೇ "ಪಾಪ, ಕೂಸು ನಿಂತು ಸಾಕಾಗೈತಿ" ಎಂದು ಕೈಹಿಡಿದು ಒಳಗೆ ಕರೆದುಕೊಂಡಳು.

ದೊಡ್ಡತ್ತೆ ಅದನ್ನು ಮರೆಯಲಿಲ್ಲ. ಮದುವೆ, ಸೀಮಂತ, ಯಾವುದೇ ಕಾರ್ಯವಿರಲಿ, ಎಲೆಯಡಿಕೆ ಬಾಯಿಗಿಟ್ಟುಕೊಂಡು ಅವ್ವನನ್ನು ಕೆಣಕುತ್ತಾಳೆ: "ಹೆಸರು ಹೇಳದ ಒಳಗ ಬಂದಾಕಿ ನೀನು. ನಿನ್ನ ಒಡಪು ಇನ್ನಾ ಬಾಕಿ ಐತಿ." ಎಲ್ಲರೂ ನಗುತ್ತಾರೆ, ಅವ್ವನೂ ನಗುತ್ತಾಳೆ. ಆ ಮಾತು ಅವಳಿಗೆ ಎಲ್ಲೋ ಚುಚ್ಚುತ್ತದೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ.

ಇನ್ನು ನನ್ನ ತಮ್ಮ ಬಸವರಾಜನ ಕತೆ. ಮನೆಯ ಕೊನೆಯ ಕೂಸು, ಹಾಸನದ ಕಡೆ ಬ್ಯಾಂಕಿನಲ್ಲಿ ಕೆಲಸ. ಒಂದು ದಿನ ಫೋನ್ ಮಾಡಿ, "ಅವ್ವಾ, ಅರಸೀಕೆರಿ ಹುಡುಗಿ, ನಂಗ ಮನಸ್ಸಿಗೆ ಬಂದಾಳ" ಎಂದ. ಅವ್ವನ ಸಂತೋಷ ಹೇಳತೀರದು. ನಮ್ಮ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ! ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅವ್ವ ತಡಮಾಡದೆ ಅಲ್ಲಿಯ ಸಂತೆಗೇ ಹೋಗಿ, ತರಕಾರಿ ಚೌಕಾಸಿಯ ಜತೆಗೆ ಹುಡುಗಿಯ ಮನೆತನವನ್ನೂ ವಿಚಾರಿಸತೊಡಗಿದಳು. ಮನೆ ರೈಲ್ವೆ ಸ್ಟೇಷನ್ ಹಿಂದೆ ಇದೆಯೆಂದು ಬಸವರಾಜ ಹೇಳಿದ್ದ.

ಬದನೆಕಾಯಿ ಮಾರುವವಳು ಕಣ್ಣು ಕಣ್ಣು ಬಿಟ್ಟಳಂತೆ. "ನಮ್ಮೂರಿಗೆ ರೈಲಾ ಇಲ್ಲಲ್ಲಬೇ, ಸ್ಟೇಷನ್ ಎಲ್ಲಿಂದ ತರೂನು?"

ಆಗ ಗೊತ್ತಾಯಿತು, ಅದು ಹಾಸನ ಜಿಲ್ಲೆಯ ಅರಸೀಕೆರೆ! ಅವ್ವ ಮಾತು ಹಿಂತೆಗೆದುಕೊಳ್ಳುವವಳಲ್ಲ. "ಹೆಸರಾರ ಒಂದಾ ಐತಲ್ಲ, ಬಿಡು" ಎಂದು ಸಮಾಧಾನ ಮಾಡಿಕೊಂಡಳು. ಹೀಗೆ ಚೈತ್ರ ನಮ್ಮ ಮನೆಗೆ ಬಂದಳು. ಹೊಸ್ತಿಲಲ್ಲಿ ದೊಡ್ಡತ್ತೆ ಕೋಲೂರಿಕೊಂಡೇ ಅಡ್ಡ ನಿಂತು ಹೆಸರು ಕೇಳಿದರೆ, ಈ ಹುಡುಗಿ "ಬಸವರಾಜ್" ಎಂದು ಒಂದೇ ಉಸಿರಿಗೆ ಹೇಳಿ, ಅಕ್ಕಿಯ ಪಾವು ಒದ್ದು ಒಳಗೆ ಬಂದೇಬಿಟ್ಟಳು. ದೊಡ್ಡತ್ತೆಯ ಎಲೆಯಡಿಕೆ ಬಾಯಲ್ಲೇ ನಿಂತಿತು.

ಚೈತ್ರ ಒಳ್ಳೆಯವಳು, ಬಾಯಿ ಸ್ವಲ್ಪ ಚುರುಕು. ಮೊದಮೊದಲು ಅವ್ವನ 'ನೀಡಿದ್ರು' ಕೇಳಿ ಬೆರಗಾಗಿ, "ಅಕ್ಕ, ಅತ್ತೆ ಎಷ್ಟು ಗ್ರಂಥದ ಭಾಷೆ ಮಾತಾಡ್ತಾರೆ ಅಲ್ವಾ?" ಎಂದಿದ್ದಳು. ಕಾರಣ ಹೇಳಿದಾಗ ನಕ್ಕು ನಕ್ಕು ಕಣ್ಣಲ್ಲಿ ನೀರು. ಅವರ ಊರಿನವರಿಗೆ ಅಪ್ಪನ ಹೆಸರೇ ಒಂದು ತಮಾಷೆ. ಮದುವೆಯ ಮಾತುಕತೆಯ ದಿನ ಅವಳ ಸೋದರಮಾವ, "ಕೊಟ್ರೇಶಪ್ಪನವರೇ, ಏನ್ ಕೊಟ್ರಿ?" ಎಂದು ತಮ್ಮ ಜೋಕಿಗೆ ತಾವೇ ನಕ್ಕಿದ್ದರು. ಅಪ್ಪನಿಗೆ ಕೇಳಿಸಲಿಲ್ಲ, ಪುಣ್ಯ. ನನಗೆ ಕೇಳಿಸಿತ್ತು. ನನ್ನ ಮೈಯೆಲ್ಲ ಉರಿದಿತ್ತು.

ಗಂಡು ಮಗುವಾಯಿತು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಅವರ ಊರಲ್ಲಿ ಮುಗಿದು, ಹೆಸರಿಡುವುದನ್ನು ಮಾತ್ರ ನಮ್ಮ ಮನೆಗೆ ಉಳಿಸಿದ್ದರು. ನಮ್ಮ ಮನೆಯಲ್ಲಿ ತಲೆಮಾರು ಬಿಟ್ಟು ತಲೆಮಾರಿಗೆ ಒಬ್ಬ ಕೊಟ್ರೇಶ ಇರಲೇಬೇಕು. ಅಪ್ಪನ ಅಜ್ಜ ಕೊಟ್ರೇಶ, ಅಪ್ಪ ಕೊಟ್ರೇಶ, ಈಗ ಈ ಕೂಸು. ನಾನಂತೂ ಅದರಲ್ಲಿ ಕೇಳುವುದೇನಿದೆ ಎಂದುಕೊಂಡಿದ್ದೆ. ಸೋದರತ್ತೆ ನಾನೇ, ಕಿವಿಯಲ್ಲಿ ಹೆಸರು ಹೇಳುವವಳೂ ನಾನೇ. ಆದರೆ ಅವತ್ತು ಬೆಳಿಗ್ಗೆ ಒಳಕೋಣೆಯಲ್ಲಿ ಮಗುವಿಗೆ ಅಂಗಿ ತೊಡಿಸುತ್ತ ಚೈತ್ರ ಮೆಲ್ಲಗೆ ಹೇಳಿದಳು, "ಅಕ್ಕ, ವಿಹಾನ್ ಅಂತ ಹೇಳಿಬಿಡಿ."

"ಅಂದ್ರ, ಕೊಟ್ರೇಶ ಬ್ಯಾಡೇನು?"

"ನಾನು ಹಠಕ್ಕೆ ಹೇಳ್ತಿಲ್ಲ ಅಕ್ಕ. ನಮ್ಮ ಕಡೆಯವರು ನಗೋದು ಬಿಡಿ, ಅದಕ್ಕೆ ಉತ್ತರ ಕೊಡೋಕೆ ನಂಗೆ ಬರುತ್ತೆ. ಆದ್ರೆ ಅತ್ತೆ ಆ ಹೆಸರು ಹೇಳೋದೇ ಇಲ್ಲವಲ್ಲ? ನಾಳೆ ಇವನನ್ನ ಏನಂತ ಕರೀತಾರೆ? ಆ, ಊ ಅಂತಾನಾ? ಅಜ್ಜಿ ಬಾಯಲ್ಲಿ ಬರದೇ ಇರೋ ಹೆಸರು ನನ್ನ ಮಗನಿಗೆ ಯಾಕಕ್ಕ? ಅತ್ತೆ ಒಂದೇ ಒಂದು ಸಲ ಬಾಯಿಬಿಟ್ಟು ಹೇಳಲಿ, ನಾನು ಒಪ್ಕೋತೀನಿ."

ಶಾಲೆಯಲ್ಲಿ ನನ್ನ ಮಾತಿಗೆ ಎದುರಿಲ್ಲ. ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳ ಮಾತಿನಲ್ಲಿ ನ್ಯಾಯವಿತ್ತು ಎಂಬುದಕ್ಕೆ. ಬಸವರಾಜನನ್ನು ಹುಡುಕಿದೆ. ಇಂಥ ಹೊತ್ತಿನಲ್ಲಿ ಅವನಿಗೆ ಹೇಗೋ ಪೆಂಡಾಲಿನ ಹಗ್ಗ ಬಿಗಿಯುವ ಕೆಲಸ ಸಿಕ್ಕಿರುತ್ತದೆ. ಕೊನೆಗೆ ಹಿತ್ತಲಲ್ಲಿ ಹುಗ್ಗಿಗೆ ಬೆಲ್ಲ ಕುಟ್ಟುತ್ತಿದ್ದ ಅವ್ವನ ಹತ್ತಿರ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವ್ವ ಕುಟ್ಟುವುದನ್ನು ನಿಲ್ಲಿಸಿದಳು. "ಅದಾಗದ ಮಾತು ಯವ್ವಾ. ಮೊದಲಾ ಅವರಿಗೆ ಮೊಣಕಾಲು ನೋವು, ಉಬ್ಬಸ. ಈ ವಯಸ್ಸಿನ್ಯಾಗ ನಾ ಹೆಸರು ಹೇಳಿ, ಏನಾರ ಹೆಚ್ಚುಕಮ್ಮಿ ಆದ್ರ?"

"ಹಂಗಾರ ಆಕಿ ಹೇಳಿದ ಹೆಸರಾ ಗಟ್ಟಿ."

"ಆಗ್ಲಿ ಬಿಡು. ಹುಡುಗಿ ಕೇಳಿದ್ರಾಗ ತಪ್ಪಿಲ್ಲ. ಏನದು, ವಿಮಾನ? ವಿಮಾನ ಅಂತಾನಾ ಇಡ್ರಿ." ಮತ್ತೆ ಬೆಲ್ಲ ಕುಟ್ಟತೊಡಗಿದಳು. ಬೆಲ್ಲ ಆಗಲೇ ಪುಡಿಯಾಗಿತ್ತು, ಅವಳು ಮಾತ್ರ ಕುಟ್ಟುತ್ತಲೇ ಇದ್ದಳು. ನನಗೆ ಅಳು ಬಂತು. ನಮ್ಮ ಸೀಮೆಯಲ್ಲೆಲ್ಲ ಕೂಗಿ ಕರೆಯುವ ಹೆಸರು ನಮ್ಮ ಮನೆಯಲ್ಲೇ, ಅದನ್ನು ಎಲ್ಲರಿಗಿಂತ ಹೆಚ್ಚು ಜೋಪಾನ ಮಾಡಿದವಳ ಮೌನದಿಂದಲೇ ನಿಂತುಹೋಗುತ್ತದಲ್ಲ ಎನಿಸಿತು.

ಮಧ್ಯಾಹ್ನ ತೊಟ್ಟಿಲ ಸುತ್ತ ಹೆಂಗಸರು ತುಂಬಿದರು. ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯ ಹತ್ತಿರ ಬಗ್ಗಿ "ಕುರ್‌ರ್" ಎಂದು ಹೆಸರು ಹೇಳಬೇಕು, ಹೇಳಿದ ಕೂಡಲೇ ಸುತ್ತ ಇದ್ದವರು ಅವಳ ಬೆನ್ನಿಗೆ ಗುದ್ದಬೇಕು. ಓಣಿಯ ಹೆಂಗಸರು ತೋಳೇರಿಸಿಕೊಂಡು ನನ್ನ ಹಿಂದೆ ಸಜ್ಜಾಗಿದ್ದರು. ಗೋಡೆಗೊರಗಿ ದೊಡ್ಡತ್ತೆ ಕೂತಿದ್ದಳು. ಗಂಡಸರು ಹೊರಗೆ ಪೆಂಡಾಲಿನಲ್ಲಿ. ಅಪ್ಪ ಕಟ್ಟೆಯ ಮೇಲೆ, ಯಾರು ಏನು ಹೇಳಿದರೂ ತಲೆಯಾಡಿಸುತ್ತ ಕೂತಿದ್ದ. ನಾನು ಕೊನೆಯ ಸಲ ಚೈತ್ರಳ ಮುಖ ನೋಡಿದೆ. ಅವಳು ಅವ್ವನ ಮುಖ ನೋಡುತ್ತಿದ್ದಳು. ಅವ್ವ ನೆಲ ನೋಡುತ್ತಿದ್ದಳು. ಆಯಿತು ಎಂದುಕೊಂಡು ನಾನು ಬಗ್ಗಿದೆ. "ಕುರ್‌ರ್…" ಎಂದೆ.

ಹೆಗಲ ಮೇಲೆ ಒಂದು ಕೈ ಬಿತ್ತು. "ತಡಿ. ಸ್ವಲ್ಪ ಸರಿ ಅತ್ತಾಗ."

"ಏ, ಅಜ್ಜಿ ಹೇಳಂಗಿಲ್ಲಬೇ, ಅತ್ತೀನಾ ಹೇಳಬೇಕು," ಎಂದು ಯಾರೋ ಅಂದರು.

"ಹೆಸರಿಡಾಕ ಬಂದಿಲ್ಲವಾ ನಾನು," ಎಂದಳು ಅವ್ವ. "ನಂದೊಂದು ಒಡಪು ಬಾಕಿ ಐತಿ."

ಗೋಡೆಗೊರಗಿದ್ದ ದೊಡ್ಡತ್ತೆ ನೆಟ್ಟಗಾದಳು. ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ತೊಟ್ಟಿಲ ಹಗ್ಗ ಹಿಡಿದು, ಕೂಸನ್ನೇ ನೋಡುತ್ತ ಹೇಳಿದಳು:

"ಹೊಲದ ತುಂಬ ತೂಗತಾವ ಬಿಳಿಜೋಳದ ತೆನಿ,
ಕೊಟ್ರೇಶಪ್ಪನ ಹೆಸರಿಂದ ಬೆಳಗಲಿ ಈ ಮನಿ!"

ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳೋ ಏನೋ, ಅಷ್ಟು ವರ್ಷ ಒಳಗೇ ಇದ್ದದ್ದು ಹೊರಗೆ ಬರುವಾಗ ಕೂಗಾಗಿಯೇ ಬಂತು. ಮರುಗಳಿಗೆ ಹೊರಗಿನಿಂದ "ಏನ್ರೀ?" "ಯಾಕ್ರೀ, ಯಾರು ಕರದಿದ್ದು?" "ಬಂದೆ ಬಂದೆ!" ಎಂದು ದನಿಗಳ ಮೇಲೆ ದನಿ. ಪಕ್ಕದ ಮನೆಯ ಕೊಟ್ರೇಶ ಕಿಟಕಿಯಲ್ಲಿ ಇಣುಕಿದ. ಅಡುಗೆಯ ಕೊಟ್ರೇಶ ಹುಗ್ಗಿಯ ಸೌಟಿನ ಸಮೇತ ಬಾಗಿಲಿಗೆ ಬಂದ. ಪೆಂಡಾಲಿನಲ್ಲಿ ಇನ್ನೂ ಯಾರ‍್ಯಾರು ಎದ್ದು ನಿಂತಿದ್ದರೋ!

ಮೊದಲು ನಕ್ಕವಳು ಚೈತ್ರ. ನಗುತ್ತಲೇ ಕಣ್ಣೊರೆಸಿಕೊಂಡು, "ಅಕ್ಕ, ಇನ್ನೇನು ನೋಡ್ತೀರಾ, ಹೇಳಿ ಅದನ್ನೇ" ಎಂದಳು. ಹೇಳಿದೆ. "ಕುರ್‌ರ್, ಕೊಟ್ರೇಶ!" ಬೆನ್ನ ಮೇಲೆ ದಬದಬ ಗುದ್ದು ಬಿದ್ದವು. ಎಲ್ಲಕ್ಕಿಂತ ಗಟ್ಟಿಯಾದ ಗುದ್ದು ದೊಡ್ಡತ್ತೆಯದು, ಕೂತಲ್ಲಿಂದ ಯಾವಾಗ ಎದ್ದು ಬಂದಳೋ ಗೊತ್ತಿಲ್ಲ. ನೋವಾಯಿತು, ಹೆಮ್ಮೆಯೂ ಆಯಿತು.

ಆಗಲೇ ಅಪ್ಪ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದು ನಿಂತದ್ದು. ಪಕ್ಕದಲ್ಲಿ ಕೂತು ಕೂಗಿದರೂ ಕೇಳಿಸದವನು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಒಳಗಿದ್ದ ಹೆಂಗಸರನ್ನೆಲ್ಲ ದಾಟಿ ಅವ್ವನನ್ನೇ ನೋಡುತ್ತ, "ಯಾರೋ ನನ್ನ ಕರದಂಗಾತಲ್ಲ?" ಎಂದ.

ಅವ್ವನ ಮುಖ ಕೆಂಪೇರಿತು. "ನಿಮ್ಮನ್ನಲ್ಲ, ನನ್ನ ಮೊಮ್ಮಗನ್ನ ಕರದೆ."

ಅಪ್ಪ ಹೊಸ್ತಿಲ ಆಚೆಯೇ ನಿಂತಿದ್ದ. ಒಳಗೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

"ಇನ್ನೊಮ್ಮಿ ಕರಿ," ಎಂದ.